ಶುಗರ್ ಮಾತ್ರೆ ನುಂಗುವವರು ಪಾದಯಾತ್ರೆಗೆ ಹೊರಡುವುದು ಹೇಗೆ?

ಶಿವರಾತ್ರಿ ಹತ್ತಿರ ಬಂತೆಂದರೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಹೊರಟವರ ಸಾಲು ಶುರು. ಬೆಂಗಳೂರಿನಿಂದ ಬರುವವರಿಗೆ ಸುಮಾರು 300 ಕಿಲೋಮೀಟರ್ ನಡಿಗೆ. ಒಮ್ಮೆ ನಾನೂ ಆ ಸಾಲಿನಲ್ಲಿದ್ದೆ. ತಿಂಡಿ ತಿಂದು, ಮಾತ್ರೆ ನುಂಗಿ ಕೊಟ್ಟಿಗೆಹಾರ ದಾಟಿದ್ದೆ. ಕೈ ನಡುಗತೊಡಗಿತು, ಅಂಗಿಯೆಲ್ಲ ಬೆವರು. ಬಿಸಿಲಿಗಿರಬೇಕು ಅಂದುಕೊಂಡೆ. ಜೊತೆಗಿದ್ದ ಭಾವ ಏನೋ ಕೇಳಿದರೆ ನನ್ನ ಮಾತು ತೊದಲಿತು. ಶುಗರ್ ಮೀಟರ್ 58 ತೋರಿಸಿತು, ತೀರಾ ಕಡಿಮೆ. ಅರವಟ್ಟಿಗೆಯಲ್ಲಿ ಎರಡು ಲೋಟ ಪಾನಕ ಕುಡಿದೆ. ಕಾಲು ಗಂಟೆ ಆದರೂ ಶುಗರ್ ಏರಲೇ ಇಲ್ಲ. ಯಾಕೆ ಅನ್ನುವುದು ಮಾತ್ರೆಯ ಪಟ್ಟಿಯ ಹಿಂದೆಯೇ ಬರೆದಿತ್ತು.

ಹಾಗಾಗಿ ಮೊದಲ ಕೆಲಸ, ಪಟ್ಟಿ ತಿರುಗಿಸಿ ಸಣ್ಣ ಅಕ್ಷರ ಓದುವುದು. ಕನ್ನಡಕ ಹಾಕಿಕೊಂಡೇ ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇದ್ದರೆ ಎಚ್ಚರ. ಇವು ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ನೋಡದೆ ಇನ್ಸುಲಿನ್ ಸುರಿಸುತ್ತವೆ. ಇನ್ನೊಂದು ಕಡೆ ನಡೆಯುವ ಕಾಲು ತಾನಾಗಿಯೇ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವ ದಿನಕ್ಕೆ ಲೆಕ್ಕ ಹಾಕಿದ ಡೋಸು ಅದು, ದಿನಕ್ಕೆ 35 ಕಿಲೋಮೀಟರ್ ನಡೆಯುವವರಿಗಲ್ಲ ಅಲ್ವಾ? ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಬರೀ ಮೆಟ್ಫಾರ್ಮಿನ್ ಅಥವಾ ಸಿಟಾಗ್ಲಿಪ್ಟಿನ್ ಆದರೆ ಶುಗರ್ ಇಳಿಯುವ ಭಯ ತೀರಾ ಕಡಿಮೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕಥೆ ಬೇರೆ. ಅವು ಸಕ್ಕರೆಯ ಜೊತೆ ನೀರನ್ನೂ ಮೂತ್ರದಲ್ಲಿ ಹೊರಹಾಕುತ್ತವೆ. ಇವನ್ನು ನುಂಗುವವರಿಗೆ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರಿರಬಹುದು. ನೇರ ಆಸ್ಪತ್ರೆಗೆ ಹೋಗಿ.

ನನ್ನ ಪಟ್ಟಿಯಲ್ಲಿ ಇನ್ಸುಲಿನ್ ಸುರಿಸುವ ಮದ್ದಿನ ಜೊತೆ ವೋಗ್ಲಿಬೋಸ್ ಕೂಡ ಇತ್ತು. ಇದು ಕರುಳಿನಲ್ಲಿ ಸಕ್ಕರೆ, ಪಿಷ್ಟ ಒಡೆಯುವುದನ್ನು ನಿಧಾನ ಮಾಡುತ್ತದೆ. ಬೆಲ್ಲದ ಪಾನಕ ಹೊಟ್ಟೆಗೇನೋ ಹೋಯಿತು, ರಕ್ತಕ್ಕೆ ಬೇಗ ಹೋಗಲಿಲ್ಲ. ಈ ಮಾತ್ರೆ ನುಂಗುವವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಅದನ್ನು ಒಡೆಯುವ ಕೆಲಸವೇ ಇಲ್ಲ.

ಹೊರಡುವ ಹದಿನೈದು ದಿನ ಮೊದಲೇ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. "ದಿನಕ್ಕೆ ಇಷ್ಟು ಗಂಟೆ ನಡೆಯುತ್ತೇನೆ, ಯಾವ ಮಾತ್ರೆ ಎಷ್ಟು?" ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನೀವಾಗಿಯೇ ಅರ್ಧ ಮಾಡುವುದು, ಬಿಡುವುದು ಬೇಡ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ಇದ್ದರೆ ಅದನ್ನೂ ತೋರಿಸಿ. ಶುಗರ್ ಇಳಿದಾಗಿನ ನಡುಕ, ಎದೆಬಡಿತ ಅವುಗಳಿಂದ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ನಡೆಯುವವನಿಗೆ ಬೆವರು ಹೊಸದೇ?

ಬೆಳಿಗ್ಗೆ ಹೊರಡುವ ಮುಂಚೆ ಶುಗರ್ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಮೊದಲು ಏನಾದರೂ ತಿನ್ನಿ. 250 ದಾಟಿದ್ದು, ಮೈಯೂ ಸರಿಯಿಲ್ಲದಿದ್ದರೆ ಅವತ್ತು ನಡೆಯಬೇಡಿ. ಇನ್ಸುಲಿನ್ ತೊಡೆಗೆ ಚುಚ್ಚಿ ನಡೆದರೆ ಬೇಗ ರಕ್ತಕ್ಕೆ ಸೇರುತ್ತದೆ, ಹೊಟ್ಟೆಗೆ ಚುಚ್ಚುವುದು ವಾಸಿ.

ದಾರಿಯಲ್ಲಿ ಒಂದೆರಡು ಗಂಟೆಗೊಮ್ಮೆ ಕೂತು ನೋಡಿ. ಬೆರಳು ಚುಚ್ಚುವ ಮುಂಚೆ ಕೈ ತೊಳೆಯಿರಿ. ಯಾರೋ ಕೊಟ್ಟ ಕಿತ್ತಳೆ ಸುಲಿದ ಕೈಯಲ್ಲೇ ನೋಡಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. 70ಕ್ಕಿಂತ ಇಳಿದರೆ ನಡಿಗೆ ನಿಲ್ಲಿಸಿ. 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಂದು ಸಲ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದು ಜೊತೆಗಿರುವವರಿಗೆ ಗೊತ್ತಿರಲಿ.

ತಂಗುವ ಜಾಗ ಸೇರಿದ ಮೇಲೂ ಕಾಲು ಸಕ್ಕರೆ ಎಳೆಯುತ್ತಲೇ ಇರುತ್ತದೆ. ಮಲಗಿದಾಗ, ಮರುದಿನವೂ ಇಳಿಯಬಹುದು. ಊಟ ತಪ್ಪಿಸಬೇಡಿ, ಮಲಗುವ ಮುಂಚೆ ಇನ್ನೊಮ್ಮೆ ನೋಡಿ. ಶಿವರಾತ್ರಿಯ ದಿನ ಉಪವಾಸ ಮಾಡುವವರು ಅವತ್ತಿನ ಮಾತ್ರೆಯ ವಿಷಯವನ್ನೂ ಆ ಚೀಟಿಯಲ್ಲೇ ಬರೆಸಿಕೊಂಡಿರಬೇಕು.

ಬರಿಗಾಲಿನ ಹರಕೆ ಶುಗರ್ ಇದ್ದವರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಪಾದ ಜೋಮು ಹಿಡಿದಿದ್ದರೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ರಾತ್ರಿ ಪುಟ್ಟ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಭಾವನಂಥವರು ಒಬ್ಬರು ಜೊತೆಗಿರಬೇಕು. ಅವರಿಗೆ ಶುಗರ್ ಇಲ್ಲ, ಆದರೂ ಈಗ ಅವರ ಚೀಲದಲ್ಲೊಂದು ಗ್ಲೂಕೋಸ್ ಡಬ್ಬಿ ಇರುತ್ತದೆ.