ಬೆಳ್ಳಿಯ ಬೆನ್ನ ಹಿಂದೆ ಬಿದ್ದ ತುಣುಕು

ಬೆಳ್ಳಿ ನಮ್ಮ ಮನೆಗೆ ಬಂದಾಗ ಅವಳಿಗೆ 14 ತಿಂಗಳು. ರಾಜಪಾಳಯಂ ತಳಿಯ ಹೆಣ್ಣು ನಾಯಿ. ಹಾಲಿನಂಥ ಮೈ, ಗುಲಾಬಿ ಬಣ್ಣದ ಮೂಗು, 31 ಕೆ.ಜಿ. ತೂಕ, ಹಿಂಗಾಲ ಮೇಲೆ ನಿಂತರೆ ಮುಂಗಾಲು ನನ್ನ ಹೆಗಲಿಗೆ ಸಿಗುತ್ತಿದ್ದವು. ಹೈದರಾಬಾದಿನಲ್ಲಿ ನನ್ನ ಗೆಳತಿ ಮತ್ತು ಅವಳ ತಾಯಿ ಇಬ್ಬರೇ ಇದ್ದ ಮೂರನೆಯ ಮಹಡಿಯ ಮನೆಯಲ್ಲಿ ಬೆಳೆದಿದ್ದಳು. ಅವರು ಊರು ಬಿಡಬೇಕಾಗಿ ಬಂದಾಗ ನಾನು ಅವಳನ್ನು ಬೀದರಿಗೆ ಕರೆತಂದೆ. ನೌಬಾದಿನ ನಮ್ಮ ಮನೆಯಲ್ಲಿಯೂ ನಾವು ಇಬ್ಬರೇ, ಅವ್ವ ಮತ್ತು ನಾನು. ಎರಡು ದಿನ ಅವಳು ಅವ್ವನ ಸೆರಗಿನ ಹಿಂದೆಯೇ ಓಡಾಡಿಕೊಂಡಿದ್ದಳು. ಮೂರನೆಯ ದಿನ ಬೆಳಿಗ್ಗೆ ಹಾಲಿನವರು ಗೇಟಿನ ಚಿಲಕ ತೆಗೆದರು. ಬೆಳ್ಳಿ ಅಂಗಳದ ಆ ತುದಿಯಿಂದ ನುಗ್ಗಿ ಬಂದ ರಭಸಕ್ಕೆ ಅವರ ಕೈಯಲ್ಲಿದ್ದ ಕ್ಯಾನು ಉರುಳಿ, ಹಾಲೆಲ್ಲ ಕೆಂಪು ಕಲ್ಲಿನ ಮೇಲೆ ಹರಿಯಿತು. ಅವರು ತಕ್ಷಣ ಗೇಟು ಎಳೆದುಕೊಂಡಿದ್ದರಿಂದ ಗಾಯವಾಗಲಿಲ್ಲ.

ತರಕಾರಿ ಮಾರುವಾಕೆ ಬಂದರೆ ಬೆಳ್ಳಿ ಬಾಲ ಆಡಿಸುತ್ತಿದ್ದಳು. ರಸ್ತೆಯಲ್ಲಿ ಗಂಡಸಿನ ದನಿ ಕೇಳಿದರೆ ಸಾಕು, ಬೆನ್ನ ಕೂದಲು ನಿಮಿರುತ್ತಿತ್ತು. ‘ಯಾರೋ ಹೊಡೆದಿರಬೇಕು’ ಎಂದು ಓಣಿಯವರೆಲ್ಲ ಹೇಳಿದರು. ಗೆಳತಿಯನ್ನು ಕೇಳಿದೆ. ಯಾರೂ ಹೊಡೆದಿರಲಿಲ್ಲ, ಅವಳು ಗಂಡಸರನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಮರಿಗೆ ಮೂರು ವಾರದಿಂದ ಸುಮಾರು 14 ವಾರ ತುಂಬುವವರೆಗಿನ ದಿನಗಳು ಬಹಳ ಮುಖ್ಯ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ಲೋಕದ ಸಹಜ ಸಂಗತಿಯಾಗಿ ಉಳಿಯುತ್ತದೆ. ಆಗ ಕಾಣದ್ದು ಮುಂದೆ ಎದುರಾದರೆ ಸಂಶಯ ಹುಟ್ಟಿಸುತ್ತದೆ. ಬೆಳ್ಳಿಯ ಆ ದಿನಗಳಲ್ಲಿ ದಪ್ಪ ದನಿ, ಗಡ್ಡ, ಭಾರದ ಹೆಜ್ಜೆ ಯಾವುದೂ ಇರಲಿಲ್ಲ. ಇದರ ಮೇಲೆ ತಳಿಯ ಗುಣವೂ ಸೇರಿತ್ತು. ತಮಿಳುನಾಡಿನ ದಕ್ಷಿಣ ಭಾಗದಲ್ಲಿ ತಲೆಮಾರುಗಳಿಂದ ಹೊಲ, ಮನೆ ಕಾಯಲು ಸಾಕಿದ ನಾಯಿ ಇದು. ಅಪರಿಚಿತರನ್ನು ನಂಬದಿರುವುದೇ ಅದರ ಕೆಲಸ, ಮತ್ತು ಆ ಗುಣ ನಾಯಿ ಪ್ರಾಯಕ್ಕೆ ಬರುವಾಗ, ಒಂದೂವರೆ ಎರಡು ವರ್ಷದ ಹೊತ್ತಿಗೆ, ಗಟ್ಟಿಯಾಗುತ್ತದೆ. ಇವಳನ್ನು ಎಲ್ಲರ ಗೆಳತಿಯನ್ನಾಗಿ ಮಾಡುವ ಆಸೆಯನ್ನು ನಾನು ಅಲ್ಲಿಯೇ ಬಿಟ್ಟೆ. ಕಾವಲು ಉಳಿಯಲಿ, ಹೆದರಿಕೆ ಇಳಿಯಲಿ ಎಂದುಕೊಂಡೆ.

ಆದರೆ ಹಾದಿ ತಿಳಿದಿರಲಿಲ್ಲ. ನಾಯಿಗಳಿಗೆ ಪಾಠ ಹೇಳುವ ಒಬ್ಬರು ಮುಳ್ಳಿನ ಸರಪಳಿ ತೊಡಿಸಿ, ಗುರುಗುಟ್ಟಿದಾಗಲೆಲ್ಲ ಜಗ್ಗಿ ಎಂದರು. ಐದು ದಿನ ಜಗ್ಗಿದೆ. ಗುರುಗುಟ್ಟುವುದು ನಿಂತಿತು, ನಾನು ಹಿಗ್ಗಿದೆ. ಆರನೆಯ ದಿನ ಭಾಲ್ಕಿಯಿಂದ ಸೋದರಮಾವ ಬಂದರು. ‘ನಾಯಿಗಳಿಗೆ ನಾನೆಂದರೆ ಜೀವ, ನೀನು ಸುಮ್ಮನಿರು ಮಗಳೇ’ ಎಂದು ಕೂತಲ್ಲಿಂದಲೇ ಬಿಸ್ಕತ್ತು ಚಾಚಿದರು. ಬೆಳ್ಳಿ ಕತ್ತು ಉದ್ದ ಮಾಡಿ, ಹಿಂಗಾಲು ಹಿಂದೆಯೇ ಇಟ್ಟುಕೊಂಡು ಬಿಸ್ಕತ್ತು ತೆಗೆದುಕೊಂಡಳು. ಅದು ಗಂಟಲಿಗಿಳಿದ ಕ್ಷಣ ತಲೆಯೆತ್ತಿ ನೋಡಿದರೆ ಎದುರಿಗೆ ಗಂಡಸಿನ ಮುಖ. ಸದ್ದಿಲ್ಲ, ಎಚ್ಚರಿಕೆಯಿಲ್ಲ, ಮಾವನ ಮುಂಗೈಯಲ್ಲಿ ಹಲ್ಲಿನ ಗುರುತು.

ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಬೆಳ್ಳಿಗೆ ರೇಬಿಸ್ ಲಸಿಕೆ ಆಗಿದ್ದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ನನಗೆ ಭಯವಾಗುತ್ತಿದೆ, ದೂರ ಇರಿ’ ಎಂದು ಹೇಳಲು ಅವಳಿಗಿದ್ದ ಮಾತು ಗುರುಗುಟ್ಟುವುದೊಂದೇ. ಅದನ್ನು ನಾನೇ ಜಗ್ಗಿ ಜಗ್ಗಿ ಕಿತ್ತುಹಾಕಿದ್ದೆ. ಸರಪಳಿಯನ್ನು ಮರುದಿನವೇ ಗುಜರಿಗೆ ಹಾಕಿದೆ.

ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮೊದಲು ಕರೆದುಕೊಂಡು ಹೋದೆ. ಕೀಲುನೋವು, ಹಲ್ಲುನೋವು, ಕಿವಿಯ ಸೋಂಕು ಇದ್ದರೂ ನಾಯಿ ಹೀಗೆ ಸಿಡುಕುತ್ತದೆ. ರಾಜಪಾಳಯಂ ನಾಯಿಗಳಲ್ಲಿ ಹುಟ್ಟುಕಿವುಡು ಕಂಡುಬರುವುದರಿಂದ ಕಿವಿ ಕೇಳಿಸುತ್ತದೆಯೇ ಎಂದೂ ನೋಡಬೇಕು. ಕೇಳಿಸದ ನಾಯಿ ಬೆನ್ನ ಹಿಂದೆ ಯಾರೋ ಬಂದರೆ ಬೆಚ್ಚಿ ಕಚ್ಚಬಹುದು. ಬೆಳ್ಳಿಗೆ ಇವು ಯಾವುವೂ ಇರಲಿಲ್ಲ.

ಆಮೇಲೆ ಬಾಯಿಕುಕ್ಕೆ. ರಾಶಿ ಮಾಡುವಾಗ ಎತ್ತಿಗೆ ಕಟ್ಟುವಂಥದ್ದೇ, ಬುಟ್ಟಿಯ ಹಾಗೆ ತೆರಪಾಗಿರುವುದು. ಬಟ್ಟೆಯದ್ದು ಬೇಡ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈಯ ಕಾವು ಕಳೆದುಕೊಳ್ಳಬೇಕು. ನಮ್ಮ ಬಿಸಿಲಿನಲ್ಲಿ ಬಾಯಿ ಕಟ್ಟಿಹಾಕಿದರೆ ಜೀವಕ್ಕೇ ಸಂಚಕಾರ. ಬುಟ್ಟಿಯ ತಳಕ್ಕೆ ಗಟ್ಟಿ ಮೊಸರು ಸವರಿ ಹಿಡಿದರೆ ತಾನಾಗಿ ಮೂತಿ ತೂರಿಸುವಳು. ಪಟ್ಟಿ ಕಟ್ಟಲು ಎರಡು ವಾರ ಕಾದೆ.

ಬೆಳಿಗ್ಗೆ ಐದೂವರೆಗೆ ಊರಾಚೆಯ ಕೆಂಪು ಮಣ್ಣಿನ ಬಯಲಿಗೆ ಹೋಗುತ್ತಿದ್ದೆವು. ಅಂಗಳದಲ್ಲಿ ಏಕೆ ಶುರು ಮಾಡಲಿಲ್ಲವೆಂದರೆ, ಅದು ಅವಳ ಕಾವಲಿನ ಜಾಗ. ಹೆದರಿಕೆಯೂ ಒಡೆತನವೂ ಅಲ್ಲಿ ಒಟ್ಟಿಗೆ ಕೆರಳುತ್ತವೆ. ಬಯಲಿನಾಚೆ ರಸ್ತೆಯಲ್ಲಿ ಗಂಡಸರು ಕೆಲಸಕ್ಕೆ ಹೋಗುವರು. 60 ಹೆಜ್ಜೆ ದೂರದಲ್ಲಿ ಬೆಳ್ಳಿ ಅವರನ್ನು ನೋಡುತ್ತಲೇ ಬೇಯಿಸಿದ ಕೋಳಿಯ ತುಣುಕು ತಿನ್ನುವಳು. 40 ಹೆಜ್ಜೆಗೆ ಬಂದರೆ ಮೈ ಸೆಟೆದು, ಕಣ್ಣಿನ ಬಿಳಿ ಕಂಡು, ಬಾಯಿಗಿಟ್ಟ ಕೋಳಿಯೂ ಕೆಳಗೆ ಬೀಳುವುದು. ತಿನ್ನಲಾರದ ಆ ದೂರವೇ ಅವಳ ಗಡಿ. ಆ ಗಡಿಗಿಂತ ದೂರದಲ್ಲಿ ನಿಂತೇ ಕೆಲಸ ನಡೆಯಬೇಕು.

ಕ್ರಮ ತಪ್ಪಿದರೆ ಎಲ್ಲ ತಪ್ಪುತ್ತದೆ. ಗಂಡಸು ಕಾಣಬೇಕು, ಬೆಳ್ಳಿ ನೋಡಬೇಕು, ಆಮೇಲೆ ಕೋಳಿ. ಅವನು ಮರೆಯಾದ ಕೂಡಲೇ ಕೋಳಿಯೂ ನಿಲ್ಲಬೇಕು. ಮೊದಲ ವಾರ ನಾನು ಗಡಿಬಿಡಿಯಿಂದ ಮುಂಚೆಯೇ ಜೇಬಿಗೆ ಕೈ ಹಾಕುತ್ತಿದ್ದೆ. ಆಗ ಅವಳು ತುಣುಕಿನ ವಾಸನೆ ಬಂದರೇ ಕತ್ತೆತ್ತಿ ಸುತ್ತ ಹುಡುಕಲು ಶುರು ಮಾಡಿದಳು: ಕೋಳಿ ಬಂತು ಎಂದರೆ ಗಂಡಸು ಬರುತ್ತಾನೆ! ತಿದ್ದಿಕೊಂಡೆ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಹೆಗಲ ಮೇಲೆ ಸಲಿಕೆ ಹೊತ್ತ ಒಬ್ಬರು ಹಾದುಹೋದರು. ಬೆಳ್ಳಿ ಅವರನ್ನು ನೋಡಿ, ತಟಕ್ಕನೆ ತಿರುಗಿ ನನ್ನ ಮುಖ ನೋಡಿದಳು. ‘ಗಂಡಸು ಬಂದ, ಕೋಳಿ ಎಲ್ಲಿ?’ ಎಂಬ ಆ ನೋಟಕ್ಕೆ ನಾನು ಆ ಮಣ್ಣಿನಲ್ಲಿಯೇ ಕೂತು ಅತ್ತೆ.

ಹತ್ತಿರದ ಕೆಲಸಕ್ಕೆ ಒಬ್ಬ ತಾಳ್ಮೆಯ ಗಂಡಸು ಬೇಕಿತ್ತು. ಮೂರನೆಯ ಮನೆಯ ಕಾಕಾ, ನಿವೃತ್ತ ಅಂಚೆಯಣ್ಣ, ಒಪ್ಪಿದರು. ನಾನು ಹೇಳಿದ್ದು ಇಷ್ಟೇ: ಅವಳ ಕಣ್ಣು ನೋಡಬೇಡಿ, ಹೆಸರು ಹಿಡಿದು ಕರೆಯಬೇಡಿ, ಕೈ ಚಾಚಬೇಡಿ. ಅಡ್ಡ ತಿರುಗಿ ಕುರ್ಚಿಯಲ್ಲಿ ಕೂತು, ತುಣುಕನ್ನು ಅವಳ ಮುಂದಕ್ಕಲ್ಲ, ಅವಳ ಬೆನ್ನ ಹಿಂದಕ್ಕೆ ಎಸೆಯಿರಿ.

ಈ ಕೊನೆಯ ಮಾತಿನ ಬೆಲೆ ಮಾವನ ಮುಂಗೈ ನೋಡಿದ ನನಗೆ ಗೊತ್ತು. ಕೈಯಲ್ಲಿ ತಿನಿಸು ಹಿಡಿದು ಕರೆದರೆ ಹಸಿವು ನಾಯಿಯನ್ನು ಅದರ ಧೈರ್ಯಕ್ಕಿಂತ ಹತ್ತಿರಕ್ಕೆ ಎಳೆಯುತ್ತದೆ. ತಿನಿಸು ಮುಗಿದಾಗ ಅದಕ್ಕೆ ತಾನೆಲ್ಲಿ ನಿಂತಿದ್ದೇನೆಂದು ತಿಳಿದು ದಿಗಿಲಾಗುತ್ತದೆ. ಹಿಂದಕ್ಕೆ ಎಸೆದರೆ ತಿನ್ನಲು ಹೊರಳಿ ಹೋಗಬೇಕು. ದೂರವಾಗುತ್ತಲೇ ಎದೆ ಹಗುರಾಗುತ್ತದೆ, ಬಾಯಿಗೂ ಸಿಕ್ಕಿರುತ್ತದೆ. ಮತ್ತೆ ಹತ್ತಿರ ಬಂದರೆ ಅದು ಅವಳ ಸ್ವಂತ ಇಚ್ಛೆ. ಪ್ರತಿ ಭಾನುವಾರ ಹತ್ತು ನಿಮಿಷ, ನನ್ನ ಕೈಯಲ್ಲಿ ಸಡಿಲವಾದ ಹಗ್ಗ, ಅವಳ ಬಾಯಿಗೆ ಕುಕ್ಕೆ. ಕುಕ್ಕೆಯ ಸಂದಿಗಳಲ್ಲಿ ಹಿಡಿಸುವಂತೆ ಕೋಳಿಯನ್ನು ಕಿರುಬೆರಳಿನಷ್ಟು ಸಣ್ಣಗೆ ಹೆಚ್ಚುತ್ತಿದ್ದೆ. ಹನ್ನೊಂದನೆಯ ಭಾನುವಾರ ಬೆಳ್ಳಿ ತಿಂದು ಬಂದು ಕಾಕಾನ ಚಪ್ಪಲಿ ಮೂಸಿದಳು. ಕಾಕಾ ಉಸಿರು ಬಿಗಿಹಿಡಿದು ಆಕಾಶ ನೋಡುತ್ತ ಕೂತಿದ್ದರು.

ಮರುವಾರ ಅವರು ತಮ್ಮ ಸಂಗ್ರಹದ ಪುಸ್ತಕ ತಂದರು. ಅಂಚೆ ಇಲಾಖೆ 2005ರಲ್ಲಿ ನಮ್ಮ ದೇಶದ ನಾಲ್ಕು ನಾಯಿಗಳ ಅಂಚೆಚೀಟಿ ಹೊರತಂದಿತ್ತು: ಹಿಮಾಲಯದ ಕುರಿನಾಯಿ, ರಾಂಪುರ ಹೌಂಡ್, ಮುಧೋಳ ಮತ್ತು ರಾಜಪಾಳಯಂ. ‘ನೋಡವ್ವಾ, ನಿನ್ನ ಮಗಳನ್ನು ನಾನು ಎಷ್ಟೋ ಮನೆಗಳಿಗೆ ಮುಟ್ಟಿಸಿದ್ದೇನೆ’ ಎಂದರು. ಬೆಳ್ಳಿ ಪುಸ್ತಕವನ್ನೂ ಮೂಸಿದಳು.

ಕಾಕಾ ಒಬ್ಬರು ಸರಿಹೋದರೆ ಲೋಕದ ಗಂಡಸರೆಲ್ಲ ಸರಿಹೋದಂತಲ್ಲ. ಅದೇ ಕಾಕಾ ರುಮಾಲು ಸುತ್ತಿ ಬಂದ ದಿನ ಬೆಳ್ಳಿ ಎರಡು ಹೆಜ್ಜೆ ಹಿಂದೆ ಸರಿದಳು. ಹಳೆಯ ಖಾಕಿ ತೊಟ್ಟಾಗ ಬೊಗಳಿದಳು. ಹೆಲ್ಮೆಟ್, ಕೊಡೆ, ಊರುಗೋಲು, ಒಂದೊಂದಕ್ಕೂ ಮತ್ತೆ ದೂರದಿಂದ ಆರಂಭಿಸಿದೆವು. ಒಟ್ಟು ಏಳು ಗಂಡಸರು ನೆರವಾದರು. ನಿಜ ಹೇಳಬೇಕೆಂದರೆ ಬೆಳ್ಳಿಗಿಂತ ಅವರಿಗೆ ಕಲಿಸುವುದೇ ಕಷ್ಟವಾಗಿತ್ತು. ನಾಯಿ ತಮ್ಮನ್ನು ಒಪ್ಪಿತೆಂದು ತೋರಿಸುವ ಆತುರ ಗಂಡಸರಿಗೆ ಬಹಳ. ಒಬ್ಬರಿಗಂತೂ ತಲೆ ಸವರಬೇಡಿ ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಮನೆಗೆ ಕಳುಹಿಸಿದೆ. ಅವರಿಗೆ ಬೇಸರವಾಯಿತು. ನನಗೆ ಬೆಳ್ಳಿ ಮುಖ್ಯವಾಗಿದ್ದಳು.

ದೀಪಾವಳಿಯಲ್ಲಿ ಎರಡು ರಾತ್ರಿ ಪಟಾಕಿ ಸದ್ದಿಗೆ ನಡುಗಿದಳು. ಮರುದಿನ ಸಿಲಿಂಡರಿನವರು ಬಂದಾಗ ಹಳೆಯ ಬೆಳ್ಳಿಯೇ ಗೇಟಿಗೆ ಹಾರಿದಳು. ಒಂದರ ಮೇಲೊಂದು ಹೆದರಿಕೆ ಬಿದ್ದಾಗ ಮೈ ತಣಿಯಲು ದಿನಗಳೇ ಬೇಕು. ನಾಲ್ಕು ದಿನ ಯಾವ ಅಭ್ಯಾಸವನ್ನೂ ಮಾಡಿಸದೆ, ಹಿಂದಿನ ಕೋಣೆಯಲ್ಲಿ ಎಲುಬು ಕಡಿಯಲು ಬಿಟ್ಟೆ. ಅವಳು ಗುರುಗುಟ್ಟಿದರೆ ಈಗ ‘ಆಯಿತು ತಾಯಿ, ಕೇಳಿಸಿತು’ ಎಂದು ಅವಳನ್ನು ದೂರ ಕರೆದೊಯ್ಯುತ್ತೇನೆ. ಆ ದನಿ ಮರಳಿ ಬಂದದ್ದೇ ನನಗೆ ದೊಡ್ಡ ನೆಮ್ಮದಿ.

ಎರಡು ವರ್ಷ ಕಳೆದಿದೆ. ಗೇಟಿನ ಗಂಟೆ ಬಾರಿಸಿದರೆ ಬೆಳ್ಳಿ ಎರಡು ಸಲ ಬೊಗಳಿ ತನ್ನ ಚಾಪೆಗೆ ಹೋಗಿ ನಿಲ್ಲುತ್ತಾಳೆ. ಹಾಲಿನವರು ಅಂಗಳಕ್ಕೆ ಬಂದು, ಹಾಲು ಅಳೆದು, ಅವಳ ಹಿಂದಕ್ಕೆ ಒಂದು ತುಣುಕು ಎಸೆದು ಹೋಗುತ್ತಾರೆ. ಅವಳ ಎದೆ ಸವರುವ ಹಕ್ಕು ಕಾಕಾನಿಗೆ ಮಾತ್ರ ಇದೆ. ಹೊಸಬರು ಮನೆಯೊಳಗೆ ಬರುವುದಿದ್ದರೆ ಅವಳನ್ನು ಮೊದಲೇ ಹಿಂದಿನ ಕೋಣೆಗೆ ಬಿಟ್ಟು ಅಗುಳಿ ಹಾಕುತ್ತೇನೆ; ಅವರು ಕೂತು ಮಾತಿಗೆ ತೊಡಗಿದ ಮೇಲೆ, ಅವಳು ಬಾಗಿಲ ಹಿಂದೆ ಶಾಂತವಾಗಿದ್ದರೆ ಮಾತ್ರ, ಕುಕ್ಕೆ ಕಟ್ಟಿ ಹೊರಗೆ ತರುತ್ತೇನೆ. ಇಲ್ಲದಿದ್ದರೆ ತರುವುದಿಲ್ಲ. ನಾಳೆ ನೀರಿನ ಮೋಟಾರು ರಿಪೇರಿಗೆ ಒಬ್ಬರು ಬರುವವರಿದ್ದಾರೆ. ಕೋಳಿ ಬೇಯಲು ಇಟ್ಟಿದ್ದೇನೆ.