ಎರಡು ಬೆಕ್ಕು, ನಡುವೆ ಒಂದು ಬಾಗಿಲು

ಹುಬ್ಬಳ್ಳಿ ವಿದ್ಯಾನಗರದಲ್ಲಿರುವ ನನ್ನ ಪರಿಚಯದವರೊಬ್ಬರು ಕಳೆದ ಮಳೆಗಾಲದಲ್ಲಿ ಎರಡು ಬೀದಿ ಬೆಕ್ಕುಗಳನ್ನು ಒಂದೇ ಸಂಜೆ ಮನೆಗೆ ತಂದರು. ಒಂದು ಗಂಡು, ಒಂದು ಹೆಣ್ಣು, ಬೇರೆ ಬೇರೆ ಓಣಿಯಲ್ಲಿ ಸಿಕ್ಕವು. ಪಡಸಾಲೆಯ ನಡುವೆ ಎರಡೂ ಬುಟ್ಟಿಗಳ ಬಾಯಿ ಬಿಚ್ಚಿಬಿಟ್ಟರು. ‘ಎರಡ ದಿನಾ ಗುರ್ ಅಂತಾವ, ಆಮ್ಯಾಲ ತಾವ ಹೊಂದ್ಕೋತಾವ’ ಎಂದು ಯಾರೋ ಹೇಳಿದ್ದರಂತೆ. ಹೆಣ್ಣು ಬೆಕ್ಕು ಅಟ್ಟಕ್ಕೆ ಹಾರಿ ತಾಮ್ರದ ಹಂಡೆಯ ಹಿಂದೆ ಸೇರಿತು, ಮೂರು ದಿನ ತುತ್ತು ಮುಟ್ಟಲಿಲ್ಲ. ಗಂಡು ಪರದೆ, ಸೋಫಾ, ಚಪ್ಪಲಿ ಗೂಡಿನ ಮೇಲೆಲ್ಲ ಉಚ್ಚೆ ಸಿಡಿಸಿತು. ಹತ್ತನೇ ದಿನಕ್ಕೆ ಒಂದನ್ನು ವಾಪಸ್ ಕೊಟ್ಟರು. ಇಂಥದ್ದನ್ನು ನಾನು ನಾಲ್ಕೈದು ಮನೆಗಳಲ್ಲಿ ಕಂಡಿದ್ದೇನೆ. ತಪ್ಪು ಎಲ್ಲೆಡೆ ಒಂದೇ: ವಾಸನೆಯ ಪರಿಚಯ ಆಗುವ ಮೊದಲೇ ಮುಖದ ಪರಿಚಯ ಮಾಡಿಸುವುದು.

ಆಯ್ಕೆ. ಒಟ್ಟಿಗೆ ಬೆಳೆದ ಜೋಡಿ ಸಿಕ್ಕರೆ ಅದನ್ನೇ ತನ್ನಿ, ಒಡೆಯಬೇಡಿ. ಮುಂದಿನ ಅರ್ಧ ಕೆಲಸ ತಪ್ಪುತ್ತದೆ. ಇಲ್ಲವಾದರೆ ವಯಸ್ಸು, ಚುರುಕುತನ ಹೊಂದುವಂಥವನ್ನು ನೋಡಿ. ಮುದಿ ಬೆಕ್ಕಿನ ಜೊತೆಗೆ ಮೂರು ತಿಂಗಳ ಮರಿಯನ್ನು ಬಿಟ್ಟರೆ ಮುದಿಯದಕ್ಕೆ ನಿದ್ದೆಯೇ ಇರುವುದಿಲ್ಲ.

ವೈದ್ಯರು. ಮನೆಗೆ ಬರುವ ಮೊದಲೇ ಇಬ್ಬರಿಗೂ ತಪಾಸಣೆ, ಜಂತಿನ ಔಷಧ, ಲಸಿಕೆ. ಮರಿಗಳಿಗೆ ಮೂರು ರೋಗಗಳ ಸಂಯುಕ್ತ ಲಸಿಕೆಯನ್ನು 6ರಿಂದ 8 ವಾರಕ್ಕೆ ಶುರು ಮಾಡಿ, 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಕೊಡಿಸಬೇಕು. ರೇಬಿಸ್ ಲಸಿಕೆ 12 ವಾರದ ನಂತರ. ಸಂತಾನಹರಣ ಚಿಕಿತ್ಸೆಯನ್ನು ಮುಂದೂಡಬೇಡಿ. ಗಂಡು ಉಚ್ಚೆ ಸಿಡಿಸುವುದು ಬಹುಪಾಲು ಅದರಿಂದಲೇ ನಿಲ್ಲುತ್ತದೆ. ಚಿಗಟ ಕಂಡರೆ ನಾಯಿಗೆಂದು ಮಾರುವ ಪುಡಿ, ಹನಿ ಔಷಧ ಹಾಕಲೇಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕೊಟ್ಟರೂ ಸಾಯಬಹುದು. ನೆಲ ಒರೆಸುವ ಫಿನಾಯಿಲ್ ಕೂಡ ಬೇಡ, ಅಂಗಾಲಿಗೆ ಹತ್ತಿದ್ದನ್ನು ಬೆಕ್ಕು ನೆಕ್ಕುತ್ತದೆ.

ಊಟ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ಬರುವುದಿಲ್ಲ, ಬೆಕ್ಕಿಗೂ ಹಾಲು-ಅನ್ನವೇ. ಆದರೆ ಬೆಕ್ಕು ಮಾಂಸವಿಲ್ಲದೆ ಬದುಕುವ ಜೀವಿಯಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಾಲದೆ ಹೋದರೆ ಅದರ ಹೃದಯ ಹಿಗ್ಗಿ ಸೋಲುತ್ತದೆ, ಇದು 1987ರಲ್ಲೇ ಸಾಬೀತಾಗಿದೆ. ಮಾಂಸ ಬೇಯಿಸಲು ಆಗದ ಮನೆಯವರು ಬೆಕ್ಕಿಗೆಂದೇ ಮಾಡಿದ, ಟಾರಿನ್ ಸೇರಿಸಿದ ಒಣ ಆಹಾರ ತರಬಹುದು. ಹಾಲು ಬೇಡ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಅದು ಅರಗದೆ ಭೇದಿಯಾಗುತ್ತದೆ.

ಎರಡು ಕೋಣೆ. ಬಂದ ದಿನ ಒಂದೊಂದಕ್ಕೆ ಒಂದೊಂದು ಕೋಣೆ, ಬಾಗಿಲು ಭದ್ರ. ಪ್ರತಿ ಕೋಣೆಯಲ್ಲಿ ನೀರು, ಊಟ, ಅಡಗಲು ಮಗ್ಗುಲಾಗಿಸಿದ ರಟ್ಟಿನ ಪೆಟ್ಟಿಗೆ, ಮಲದ ತಟ್ಟೆ. ಮುಂದೆ ಒಟ್ಟಿಗಿರುವಾಗ ಎರಡು ಬೆಕ್ಕಿಗೆ ಮೂರು ತಟ್ಟೆ ಬೇಕು, ಮೂರೂ ಬೇರೆ ಬೇರೆ ಜಾಗದಲ್ಲಿ. ಸುಗಂಧ ಬೆರೆಸಿದ ಮರಳು ದುಡ್ಡು ದಂಡ. ನಮಗೆ ಮಲ್ಲಿಗೆ ಅನಿಸಿದ್ದು ಬೆಕ್ಕಿನ ಮೂಗಿಗೆ ಘಾಟು. ಬಡಗಿಯ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ, ಆದರೆ ಮನೆಯ ತುಂಬ ಹರಡುತ್ತದೆ. ನಾನು ಜರಡಿ ಹಿಡಿದು ತೊಳೆದು ಒಣಗಿಸಿದ ಮರಳನ್ನೇ ಬಳಸುತ್ತೇನೆ. ಇಡೀ ದಿನ ಉಣ್ಣದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಉಪವಾಸ ಬಿದ್ದ ಬೆಕ್ಕಿಗೆ ಯಕೃತ್ತು (ಲಿವರ್) ಕೆಡುವುದು ಬೇಗ.

ವಾಸನೆ. ಎಲ್ಲರೂ ಹಾರಿಸಿಬಿಡುವ ಹಂತ ಇದು. ಬೆಕ್ಕಿನ ಗಲ್ಲದಲ್ಲಿ, ಬಾಯಿಯ ಅಂಚಿನಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ ಅದು ಕೆನ್ನೆ ಉಜ್ಜುವುದು ‘ಇದು ನನ್ನ ಜಾಗ’ ಎಂದು ಬರೆದಿಡಲು. ಆದ್ದರಿಂದ ಹಳೆಯ ಕಾಟನ್ ಪಂಚೆಯನ್ನು ಅಂಗೈಯಗಲ ಹರಿದು, ಒಂದು ತುಂಡಿನಿಂದ ಒಂದು ಬೆಕ್ಕಿನ ಕೆನ್ನೆ ಮೆಲ್ಲಗೆ ಒರೆಸಿ. ಮೈ ಮುಟ್ಟಲು ಬಿಡದಿದ್ದರೆ ಅದು ಮಲಗುವ ಜಾಗದಲ್ಲಿ ಒಂದು ರಾತ್ರಿ ಹಾಸಿ. ಆ ತುಂಡನ್ನು ಇನ್ನೊಂದರ ಕೋಣೆಯಲ್ಲಿ ಊಟದ ತಟ್ಟೆಯಿಂದ ಮೂರು ಅಡಿ ದೂರ ಇಡಿ. ನಮ್ಮ ಮನೆಯ ಬೆಕ್ಕು ಕರಿಯ ಮೊದಲ ದಿನ ಬಟ್ಟೆಯನ್ನು ಮೂಸಿ, ಬಾಯಿ ಅರೆ ತೆರೆದು ನಿಂತುಬಿಟ್ಟ, ಆಮೇಲೆ ಬುಸುಗುಟ್ಟಿ ಹಿಂದೆ ಸರಿದ. ಮೂರನೇ ದಿನ ಮೂಸಿ ಸುಮ್ಮನಾದ. ಐದನೇ ದಿನ ಅದರ ಮೇಲೆ ಕೂತು ಮೈ ನೆಕ್ಕಿಕೊಂಡ. ಬಟ್ಟೆಯನ್ನು ದಿನಕ್ಕೊಂದು ಗೇಣು ತಟ್ಟೆಯ ಹತ್ತಿರ ತರಬೇಕು, ಕೊನೆಗೆ ತಟ್ಟೆಯ ಅಡಿಗೇ ಹಾಸಬೇಕು. ಆ ವಾಸನೆ ಬಂದರೆ ಊಟ ಬಂತು ಎನ್ನುವುದು ಅದರ ತಲೆಯಲ್ಲಿ ಕೂರಬೇಕು.

ಎರಡಕ್ಕೂ ಒಂದೇ ಟಾಲ್ಕಂ ಪೌಡರ್ ಹಾಕಿ ವಾಸನೆ ಒಂದು ಮಾಡಿ ಎನ್ನುವವರಿದ್ದಾರೆ. ಮಾಡಬೇಡಿ, ಪುಡಿ ಪುಪ್ಪುಸಕ್ಕೆ ಹೋಗುತ್ತದೆ.

ಬಟ್ಟೆಯ ವಾಸನೆ ರೂಢಿಯಾದ ಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಒಂದೇ ಹೊತ್ತಿಗೆ ಊಟ ಇಡಿ. ಐದು ಅಡಿ ದೂರದಿಂದ ಶುರು. ದಿನಕ್ಕೆ ಅರ್ಧ ಅಡಿ ಬಾಗಿಲ ಹತ್ತಿರಕ್ಕೆ. ಒಂದು ತಿನ್ನುವುದು ನಿಲ್ಲಿಸಿ ಬಾಗಿಲ ಸಂದಿಯನ್ನೇ ದಿಟ್ಟಿಸಿದರೆ ನಿನ್ನೆಯ ದೂರಕ್ಕೆ ಮರಳಿ. ನಡುವೆ ದಿನಕ್ಕೊಮ್ಮೆ ಅರ್ಧ ಗಂಟೆ ಕೋಣೆ ಅದಲುಬದಲು ಮಾಡಿ, ಒಂದರ ಹಾಸಿಗೆಯನ್ನು ಇನ್ನೊಂದು ಸಾವಕಾಶ ಮೂಸಲಿ.

ನಾನು ಒಮ್ಮೆ ಆತುರಪಟ್ಟೆ. ಹಬ್ಬಕ್ಕೆ ನೆಂಟರು ಬಂದಿದ್ದರು, ಕೋಣೆ ಬೇಕಿತ್ತು, ಆರನೇ ದಿನವೇ ಬಾಗಿಲು ತೆಗೆದೆ. ನಮ್ಮ ಇನ್ನೊಂದು ಬೆಕ್ಕು ಸಣ್ಣವ್ವನ ಮೂಗಿನ ಮೇಲೆ ಅಕ್ಕಿಕಾಳಿನಷ್ಟು ಗಾಯವಾಯಿತು. ಗಾಯ ನಾಲ್ಕು ದಿನಕ್ಕೆ ಮಾಯಿತು, ಆದರೆ ಬಟ್ಟೆಯ ತುಂಡಿನಿಂದ ಮತ್ತೆ ಶುರು ಮಾಡಿ ಮೂರು ವಾರ ಹಿಡಿಯಿತು. ನೆಂಟರಿಗೆ ಪಡಸಾಲೆಯಲ್ಲಿ ಹಾಸಿಗೆ ಹಾಸಬಹುದಿತ್ತು.

ನೋಟ. ಸೊಳ್ಳೆ ಜಾಲರಿಯ ಬಾಗಿಲು ಇರುವ ಮನೆಯವರು ಪುಣ್ಯವಂತರು. ಇಲ್ಲದಿದ್ದರೆ ಬಾಗಿಲನ್ನು ಎರಡು ಬೆರಳಗಲ ತೆರೆದು, ಅಷ್ಟೇ ನಿಲ್ಲುವಂತೆ ಎರಡೂ ಕಡೆ ಭಾರ ಇಟ್ಟು, ಊಟ ಕೊಡಿ. ಬುಸುಗುಟ್ಟಿದರೆ ಹೆದರಬೇಡಿ, ‘ದೂರ ಇರು’ ಎನ್ನುವ ಮಾತು ಅದು. ಕಿವಿ ಹಿಂದಕ್ಕೆ ಮಲಗಿಸಿ, ಮಿಟುಕದೆ ನೋಡುತ್ತ, ಬಾಲ ನೆಲಕ್ಕೆ ಬಡಿದರೆ ಮಾತ್ರ ಬಾಗಿಲು ಮುಚ್ಚಿ.

ಭೇಟಿ. ಊಟದ ನಂತರ, ಐದು ನಿಮಿಷ. ಒಂದೊಂದರ ಮುಂದೆ ದಾರಕ್ಕೆ ಕಟ್ಟಿದ ಗರಿ ಆಡಿಸಲು ಇಬ್ಬರು ಬೇಕು. ಬೆಕ್ಕನ್ನು ಎತ್ತಿಕೊಂಡು ಇನ್ನೊಂದರ ಮುಖಕ್ಕೆ ಹಿಡಿಯಬೇಡಿ. ಓಡಲು ದಾರಿಯಿಲ್ಲದ್ದು ನಿಮ್ಮನ್ನೇ ಪರಚುತ್ತದೆ. ಕಾದಾಟ ಹತ್ತಿದರೆ ನಡುವೆ ರಟ್ಟು ಇಳಿಸಿ, ಕೈ ಹಾಕಬೇಡಿ. ಕಚ್ಚಿದರೆ 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಭೇಟಿಯನ್ನು ದಿನಕ್ಕಿಷ್ಟು ಬೆಳೆಸಿ. ನೀವು ಮನೆಯಲ್ಲಿ ಇಲ್ಲದಾಗ ಮಾತ್ರ ಇನ್ನೂ ಒಂದೆರಡು ವಾರ ಬೇರೆ ಬೇರೆಯಾಗಿಯೇ ಇರಲಿ.

ಎಲ್ಲ ಸರಿಹೋದ ಮೇಲೂ ಒಂದು ದಿನ ಎಚ್ಚರ ತಪ್ಪಬೇಡಿ. ಒಂದನ್ನು ಆಸ್ಪತ್ರೆಗೆ ಒಯ್ದು ತಂದರೆ ಅದರ ಮೈಗೆ ಸ್ಪಿರಿಟ್ಟಿನ ವಾಸನೆ ಹತ್ತಿರುತ್ತದೆ. ಮನೆಯಲ್ಲಿದ್ದದ್ದು ಗುರುತು ಹಿಡಿಯದೆ ಮೇಲೆ ಬೀಳಬಹುದು. ಆ ರಾತ್ರಿ ಆಸ್ಪತ್ರೆಯಿಂದ ಬಂದದ್ದನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಅದರ ಹಳೇ ಹಾಸಿಗೆಯನ್ನೇ ಕೊಡಿ. ಬೆಳಿಗ್ಗೆ ಪಂಚೆಯ ತುಂಡು ಮತ್ತೆ ತೆಗೆಯಿರಿ.