ಆಟದ ಪಟ್ಟಿಗೊಂದು ವೆಬ್ ಪುಟ: ಪಾರ್ಸೆಲ್ ಬಳಸಿ ಕಟ್ಟುವುದು ಹೇಗೆ?

ತುಳುನಾಡಿನಲ್ಲಿ ಆಟದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಇವತ್ತು ಮಾಟುಂಗ, ನಾಳೆ ಕುರ್ಲಾ, ನಾಡಿದ್ದು ಡೊಂಬಿವಲಿ. ಆಟ, ಅಂದರೆ ಯಕ್ಷಗಾನ ಪ್ರದರ್ಶನ ಎಲ್ಲಿ, ಎಷ್ಟು ಗಂಟೆಗೆ ಎಂಬುದೆಲ್ಲ ವಾಟ್ಸ್ಆ್ಯಪ್ ಪೋಸ್ಟರ್‌ಗಳಲ್ಲೇ ಓಡಾಡುತ್ತದೆ. ಹೋದ ವರ್ಷ ದಿನ ಬದಲಾದದ್ದು ಗೊತ್ತಾಗಲಿಲ್ಲ. ಅಮ್ಮನನ್ನು ಕರೆದುಕೊಂಡು ಮಳೆಯಲ್ಲಿ ಲೋಕಲ್ ಹಿಡಿದು ಹೋದೆ. ಸಭಾಂಗಣಕ್ಕೆ ಬೀಗ. ಆ ರಾತ್ರಿಯೇ ಆಟಗಳ ಪಟ್ಟಿಗೆ ಒಂದು ಪುಟ್ಟ ವೆಬ್ ಪುಟ ಮಾಡಲು ಕೂತೆ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಸ್ವಲ್ಪ ಬಂದರೆ ನೀವೂ ಒಂದು ಸಂಜೆಯಲ್ಲಿ ಮಾಡಬಹುದು.

ದಿನಾಂಕ ಕೊಟ್ಟರೆ ವಾರ, ತಿಂಗಳನ್ನು ಕನ್ನಡದಲ್ಲಿ ಬರೆಯುವ ಡೇ.ಜೆಎಸ್ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇದೆ. ಅದನ್ನು ಇಂಥ ಲೈಬ್ರರಿಗಳ ಭಂಡಾರವಾದ ಎನ್‌ಪಿಎಂನಿಂದ ಇಳಿಸಿಕೊಳ್ಳಬೇಕು. ಆದರೆ ಬರೀ 'ಡೇಜೆಎಸ್' ಎಂದು ಇಂಪೋರ್ಟ್ ಮಾಡಿದರೆ ಅದು ಯಾವ ಫೋಲ್ಡರ್‌ನಲ್ಲಿದೆ ಎಂದು ಬ್ರೌಸರ್‌ಗೆ ತಿಳಿಯದು. ಹುಡುಕಿ, ಎಲ್ಲವನ್ನೂ ಸೇರಿಸಿ ಕಟ್ಟಿಕೊಡಲು ಬಂಡ್ಲರ್ ಎಂಬ ಸಾಧನ ಬೇಕು. ಮೊದಲು ಇದಕ್ಕಾಗಿ ಏನನ್ನು ಹೇಗೆ ಕಟ್ಟಬೇಕೆಂದು ಹೇಳುವ ಉದ್ದದ ಕಾನ್ಫಿಗ್ ಫೈಲ್ ಬರೆಯಬೇಕಿತ್ತು. ಹೊಸಬರು ಸೋಲುತ್ತಿದ್ದದ್ದು ಅಲ್ಲೇ. 2017ರ ಡಿಸೆಂಬರ್‌ನಲ್ಲಿ ಡೆವನ್ ಗೋವೆಟ್ ಅವರ ಪಾರ್ಸೆಲ್ ಎಂಬ ಬಂಡ್ಲರ್ ಬಂತು, ಕಾನ್ಫಿಗ್ ಬೇಡ ಎಂದಿತು. 2018ರ ಫೆಬ್ರವರಿಯಲ್ಲಿ ಬಂದ ಇನ್ನೊಂದು ಬಂಡ್ಲರ್ ವೆಬ್‌ಪ್ಯಾಕ್ 4 ಕೂಡ ಕಾನ್ಫಿಗ್ ಫೈಲ್ ಕಡ್ಡಾಯವಲ್ಲ ಎಂದಿತು.

ಮಾಟುಂಗದ ಉಡುಪಿ ಹೋಟೆಲಿನಲ್ಲಿ 'ಎರಡು ಪ್ಲೇಟ್ ಇಡ್ಲಿ, ಪಾರ್ಸೆಲ್' ಎಂದರೆ ಸಾಕು ಅಲ್ವಾ? ಸಾಂಬಾರು ಯಾವುದರಲ್ಲಿ, ಚಟ್ನಿ ಯಾವುದರಲ್ಲಿ ಎಂದು ನಾವು ಹೇಳಿಕೊಡುವುದಿಲ್ಲ. ಈ ಪಾರ್ಸೆಲ್ಲೂ ಹಾಗೆಯೇ. ಎಚ್‌ಟಿಎಂಎಲ್ ಪುಟ ಒಂದನ್ನು ತೋರಿಸಿದರೆ, ಅದರಲ್ಲಿರುವ ಸಿಎಸ್‌ಎಸ್, ಸ್ಕ್ರಿಪ್ಟ್, ಚಿತ್ರಗಳ ಜಾಡು ಹಿಡಿದು ತಾನೇ ಹೋಗುತ್ತದೆ.

ಈಗ ಕೆಲಸಕ್ಕೆ ಇಳಿಯೋಣ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.

ಮೊದಲು ಕಂಪ್ಯೂಟರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಹಾಕಿಕೊಳ್ಳಿ. ಎನ್‌ಪಿಎಂ ಅದರ ಜೊತೆಗೇ ಬರುತ್ತದೆ. 'ಆಟ' ಎಂಬ ಫೋಲ್ಡರ್ ಮಾಡಿ, ಟರ್ಮಿನಲ್‌ನಲ್ಲಿ ಅದರೊಳಗೆ ಹೋಗಿ, 'ಎನ್‌ಪಿಎಂ ಇನಿಟ್ -ವೈ' ಕೊಡಿ. ಪ್ಯಾಕೇಜ್.ಜೇಸನ್ ಫೈಲ್ ಹುಟ್ಟುತ್ತದೆ. ಅದನ್ನು ತೆರೆದು 'ಮೇನ್' ಎಂಬ ಸಾಲಿದ್ದರೆ ಅಳಿಸಿ. ಇದನ್ನು ಮರೆಯಬೇಡಿ. ಆ ಸಾಲು ಇದ್ದರೆ ನೀವು ಲೈಬ್ರರಿ ಬರೆಯುತ್ತಿದ್ದೀರಿ ಎಂದು ಪಾರ್ಸೆಲ್ 2 ತಿಳಿಯುತ್ತದೆ. ಪುಟ ನೋಡುವಾಗ ಸುಮ್ನೆ ಇದ್ದು, ಕೊನೆಗೆ ಬಿಲ್ಡ್ ಮಾಡುವಾಗ, ಅಂದರೆ ಏರಿಸಲು ಸಿದ್ಧ ಫೈಲ್‌ಗಳನ್ನು ಕಟ್ಟುವಾಗ, ಎರರ್ ಕೊಡುತ್ತದೆ. ನನ್ನ ಅರ್ಧ ರಾತ್ರಿ ಹೋದದ್ದು ಅದರಲ್ಲೇ.

ಆಮೇಲೆ 'ಎನ್‌ಪಿಎಂ ಇನ್‌ಸ್ಟಾಲ್ --ಸೇವ್-ಡೆವ್ ಪಾರ್ಸೆಲ್', ಅದರ ಹಿಂದೆಯೇ 'ಎನ್‌ಪಿಎಂ ಇನ್‌ಸ್ಟಾಲ್ ಡೇಜೆಎಸ್'. ಇಳಿಯುವ ಫೈಲ್‌ಗಳು ಜಾಸ್ತಿ. ಮನೆಯ ವೈಫೈನಲ್ಲಿ ಮಾಡಿ.

'ಎಸ್‌ಆರ್‌ಸಿ' ಎಂಬ ಒಳ ಫೋಲ್ಡರ್‌ನಲ್ಲಿ ಇಂಡೆಕ್ಸ್.ಎಚ್‌ಟಿಎಂಎಲ್, ಸ್ಟೈಲ್.ಸಿಎಸ್‌ಎಸ್, ಆ್ಯಪ್.ಜೆಎಸ್ ಇಡಿ. ಎಚ್‌ಟಿಎಂಎಲ್‌ನ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಟೈಪ್ 'ಮಾಡ್ಯೂಲ್' ಎಂದಿರಲೇಬೇಕು. ಇಲ್ಲದಿದ್ದರೆ ಇಂಪೋರ್ಟ್ ನಡೆಯದು. ಆ್ಯಪ್.ಜೆಎಸ್‌ನಲ್ಲಿ ಡೇಜೆಎಸ್ ಮತ್ತು ಅದರ ಲೋಕೇಲ್ (ಭಾಷೆಗಳ) ಫೋಲ್ಡರ್‌ನ 'ಕೆಎನ್' ಎರಡನ್ನೂ ಇಂಪೋರ್ಟ್ ಮಾಡಿ, ಲೋಕೇಲ್ 'ಕೆಎನ್' ಎಂದು ಹೇಳಿ.

ಇನ್ನು 'ಎನ್‌ಪಿಎಕ್ಸ್ ಪಾರ್ಸೆಲ್ ಎಸ್‌ಆರ್‌ಸಿ/ಇಂಡೆಕ್ಸ್.ಎಚ್‌ಟಿಎಂಎಲ್' ಕೊಟ್ಟು, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:1234 ತೆರೆಯಿರಿ. ಪುಟ ಬಂತು. ಫೈಲ್‌ನಲ್ಲಿ ಏನಾದರೂ ಬದಲಿಸಿ ಸೇವ್ ಮಾಡಿ, ಪುಟವೂ ತಾನಾಗಿ ಬದಲಾಗುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನ ತಾರೀಕು 'ಭಾನುವಾರ' ಎಂದು ಕಣ್ಣೆದುರು ಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಸಿಎಸ್‌ಎಸ್ ಬರೆಯಲು ಸಾಸ್ ಎಂಬ ಭಾಷೆ ಬಳಸುವವರು ಎಸ್‌ಸಿಎಸ್‌ಎಸ್ ಫೈಲ್ ಜೋಡಿಸಿದರೆ, ಅದಕ್ಕೆ ಬೇಕಾದ ಪ್ಲಗಿನ್ ಅನ್ನು ಪಾರ್ಸೆಲ್ ತಾನೇ ಇಳಿಸಿಕೊಳ್ಳುತ್ತದೆ.

ಪುಟ ಸರಿಯಾಯಿತೇ? ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಪಾರ್ಸೆಲ್ ತಾನು ಕಟ್ಟಿದ್ದನ್ನು ಇಡುವ 'ಡಿಸ್ಟ್' ಫೋಲ್ಡರ್ ಅಳಿಸಿ. ಅದರಲ್ಲಿ ಹಳೆಯ ಫೈಲ್‌ಗಳು ಉಳಿದಿರುತ್ತವೆ. ಬಳಿಕ 'ಎನ್‌ಪಿಎಕ್ಸ್ ಪಾರ್ಸೆಲ್ ಬಿಲ್ಡ್ ಎಸ್‌ಆರ್‌ಸಿ/ಇಂಡೆಕ್ಸ್.ಎಚ್‌ಟಿಎಂಎಲ್ --ಪಬ್ಲಿಕ್-ಯುಆರ್‌ಎಲ್ ./' ಕೊಡಿ. ಕೊನೆಯ ತುಂಡು, ವೆಬ್ ಪುಟಗಳನ್ನು ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಂಥ ಕಡೆ ಬೇಕು. ಅಲ್ಲಿ ನಮ್ಮ ಪುಟ ಒಂದು ಒಳ ಫೋಲ್ಡರ್‌ನಲ್ಲಿ ಇರುತ್ತದೆ. ಆ ತುಂಡನ್ನು ಬರೆಯದಿದ್ದರೆ ಬಣ್ಣ, ಸ್ಕ್ರಿಪ್ಟ್ ಯಾವುದೂ ಸಿಗದೆ ಬರೀ ಅಕ್ಷರ ಕಾಣುತ್ತದೆ.

ಹೊಸ ಡಿಸ್ಟ್ ಫೋಲ್ಡರ್ ನೋಡಿ. ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ಫೈಲ್‌ಗಳ ಹೆಸರಿನಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿಗಳು ಸೇರಿರುತ್ತವೆ. ಇದು ಬಹಳ ಉಪಕಾರದ ಸಂಗತಿ. ಫೈಲ್‌ನ ಒಳಗಿನದು ಬದಲಾದರೆ ಹೆಸರೂ ಬದಲಾಗುತ್ತದೆ. ಹಾಗಾಗಿ ಫೋನ್ ತಾನು ಉಳಿಸಿಕೊಂಡ ಹಳೆಯ ಪಟ್ಟಿಯನ್ನೇ ತೋರಿಸುತ್ತಾ ಕೂರುವುದಿಲ್ಲ, ಹೊಸ ಫೈಲ್ ತರಿಸುತ್ತದೆ. ಆಟದ ದಿನ ಮುಂದೆ ಹೋದರೆ ತಾರೀಕು ತಿದ್ದಿ, ಮತ್ತೆ ಬಿಲ್ಡ್ ಮಾಡಿ, ಡಿಸ್ಟ್‌ನಲ್ಲಿರುವುದನ್ನು ಏರಿಸಿ. ಗ್ರೂಪಿಗೆ ಒಮ್ಮೆ ಕಳಿಸಿದ ಲಿಂಕ್ ಅದೇ ಇರುತ್ತದೆ.